ತಾಯಪ್ಪ ಮಾಮನ ಚಾವಿಗಳು

ಶಾಲೆ ಬಿಡುವ ಗಂಟೆ ಹೊಡೆದ ಮೇಲೆ ಸ್ವಲ್ಪ ಹೊತ್ತು ಬರೀ ಕಾಲಿನ ಸದ್ದು. ಆಮೇಲೆ ಶುರುವಾಗುತ್ತದೆ. ನಾನು ಪಾಠ ಮಾಡುವ ರಾಯಚೂರಿನ ಈ ಶಾಲೆಯ ಹಿಂಬದಿಯಲ್ಲಿ, ತಗಡಿನ ಚಪ್ಪರದ ಕೆಳಗೆ, ಮಕ್ಕಳ ಸೈಕಲ್ಲುಗಳ ಕೀಲಿಗಳು ಒಂದಾದ ಮೇಲೊಂದು ತೆರೆದುಕೊಳ್ಳುತ್ತವೆ. ಟಣ್, ಟಣ್, ಟಣ್. ಚಾವಿ ತಿರುಗಿದ ಕೂಡಲೇ ಹಿಂದಿನ ಗಾಲಿಗೆ ಅಡ್ಡ ನಿಂತ ಸರಳನ್ನು ಒಳಗಿನ ಸ್ಪ್ರಿಂಗು ಹಿಂದಕ್ಕೆ ಎಳೆದುಕೊಳ್ಳುವ ಸದ್ದು ಅದು. ಸ್ಟಾಫ್ ರೂಮಿನ ಉಳಿದವರಿಗೆ ಅದೊಂದು ಗದ್ದಲ, ಮನೆಗೆ ಹೊರಡುವ ಹೊತ್ತಾಯಿತೆನ್ನುವ ಸೂಚನೆ. ನಾನು ಮಾತ್ರ ಕೆಂಪು ಪೆನ್ನು ಕೆಳಗಿಟ್ಟು ಕೇಳುತ್ತ ಕೂರುತ್ತೇನೆ. ಯಾವ ಕೀಲಿ ಎಣ್ಣೆ ಕಂಡಿದೆ, ಯಾವುದು ಧೂಳು ತಿಂದಿದೆ, ಯಾವುದರ ಸ್ಪ್ರಿಂಗು ಇನ್ನೊಂದು ತಿಂಗಳು ಬಾಳುವುದಿಲ್ಲ ಎಂದು ಕೂತಲ್ಲಿಂದಲೇ ಹೇಳಬಲ್ಲೆ. ಇದು ಬಿ.ಎಡ್.ನಲ್ಲಿ ಕಲಿತ ವಿದ್ಯೆಯಲ್ಲ. ಹೇಳಿದರೆ ಸಹೋದ್ಯೋಗಿಗಳು ನಕ್ಕಾರು ಎಂದು ಯಾರಿಗೂ ಹೇಳಿಲ್ಲ.

ಅಪ್ಪನ ಸೈಕಲ್ ಸ್ಟ್ಯಾಂಡು ದೇವದುರ್ಗದಲ್ಲಿ ಬಸ್ಸು ನಿಲ್ಲುವ ಜಾಗದ ಮಗ್ಗುಲಲ್ಲಿತ್ತು. ನಾಲ್ಕು ಕಲ್ಲುಕಂಬ, ಮೇಲೆ ತಗಡು, ಬಾಗಿಲಲ್ಲಿ ಒಂದು ಬೇವಿನ ಮರ, ಹಿಂದೆ ನಾವಿದ್ದ ಒಂದೂವರೆ ಕೋಣೆಯ ಮನೆ. ಅರಕೇರಾ ಕಡೆಯ ಹಳ್ಳಿಗಳಿಂದ ತುಳಿದುಕೊಂಡು ಬಂದವರು ಅಲ್ಲಿ ಸೈಕಲ್ ಬಿಟ್ಟು ರಾಯಚೂರಿನ ಬಸ್ಸು ಹತ್ತುತ್ತಿದ್ದರು. ಗೌಂಡಿ ಕೆಲಸದವರು, ಕೋರ್ಟಿಗೆ ಅಲೆಯುವವರು, ದವಾಖಾನೆಗೆ ಹೋಗುವವರು. ಅಪ್ಪ ತಗಡಿನ ಬಿಲ್ಲೆಗಳ ಮೇಲೆ ಮೊಳೆಯಿಂದ ನಂಬರು ಬಡಿದಿದ್ದ. ಒಂದು ಬಿಲ್ಲೆ ಹ್ಯಾಂಡಲ್ಲಿಗೆ, ಅದರ ಜೋಡಿ ಗಿರಾಕಿಯ ಕೈಗೆ. ಎಲ್ಲರೂ ಕೀಲಿ ಹಾಕಿಯೇ ಹೋಗುತ್ತಿದ್ದುದರಿಂದ ಸೈಕಲ್ ಸರಿಸಬೇಕೆಂದರೆ ಹಿಂದಿನ ಗಾಲಿಯನ್ನು ಎತ್ತಿ ಹಿಡಿದೇ ಸರಿಸಬೇಕು. ವರ್ಷಗಟ್ಟಲೆ ಹಾಗೆ ಎತ್ತಿ ಎತ್ತಿ ಅಪ್ಪನ ಬಲಹೆಗಲು ಎಡಕ್ಕಿಂತ ದಪ್ಪವಾಗಿತ್ತು. ಅಂಗಿ ಹೊಲಿಸಲು ಹೋದಾಗಲೆಲ್ಲ ದರ್ಜಿ ಅದನ್ನೇ ಹಿಡಿದು ನಗೆಯಾಡುತ್ತಿದ್ದ. ನಾನು ಮೂರು ವರ್ಷದವಳಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ಆಕೆಯ ಮುಖ ನನಗೆ ನೆನಪಿಲ್ಲ. ಹಾಗಂತ ಮನೆಯಲ್ಲಿ ನಾವಿಬ್ಬರೇ ಇದ್ದೆವೆಂದಲ್ಲ. ಮೂರನೆಯವನು ತಾಯಪ್ಪ ಮಾಮ.

ಮಾಮ ಎಂದರೆ ನೆಂಟನಲ್ಲ. ಮಾನ್ವಿ ತಾಲೂಕಿನ ಹಿರೇಕೊಟ್ನೆಕಲ್ಲಿನಿಂದ ಬಂದು, ನಮ್ಮ ಬೇವಿನ ಮರದ ಬುಡದಲ್ಲಿ ಕೀಲಿ ರಿಪೇರಿಗೆ ಕೂತವನು. ಅವನ ಮುಂದೊಂದು ಮರದ ಡಬ್ಬಿ, ಅದರೊಳಗೆ ಚಾವಿಯ ಹಲ್ಲು ಉಜ್ಜುವ ಅರಗಳು, ಸೀಮೆಎಣ್ಣೆಯ ಬಾಟಲಿ, ತಂತಿಗೆ ಪೋಣಿಸಿದ ಚಾವಿಗಳ ದೊಡ್ಡ ಗೊಂಚಲು. ಒಮ್ಮೆ ಅರ ಹಿಡಿದು ತಲೆ ತಗ್ಗಿಸಿದನೆಂದರೆ ಎದುರಿಗೆ ಮದುವೆ ದಿಬ್ಬಣ ಹೋದರೂ ಅವನಿಗೆ ಗೊತ್ತಾಗುತ್ತಿರಲಿಲ್ಲ. ಮಲಗುವುದು ಸ್ಟ್ಯಾಂಡಿನ ತಗಡಿನ ಕೆಳಗೆ, ಉಣ್ಣುವುದು ನಮ್ಮ ಮನೆಯಲ್ಲಿ. ಸಂಜೆ ಅಪ್ಪ ರೊಟ್ಟಿ ಬಡಿಯುತ್ತಿದ್ದ, ಮಾಮ ಉಳ್ಳಾಗಡ್ಡಿ ಹೆಚ್ಚುತ್ತಿದ್ದ, ನಾನು ತಾಟು ಹಾಕುತ್ತಿದ್ದೆ. ಎಷ್ಟು ಸೋಪು ಹಚ್ಚಿ ತೊಳೆದರೂ ಮಾಮನ ಬೆರಳಿನ ಸೀಮೆಎಣ್ಣೆಯ ವಾಸನೆ ಹೋಗುತ್ತಿರಲಿಲ್ಲ. ನನಗೆ ಉಳ್ಳಾಗಡ್ಡಿಯ ರುಚಿಯೇ ಹಾಗೆ ಎಂದು ಬಹಳ ದಿನ ಅನಿಸಿತ್ತು. ಉಣ್ಣುವಾಗ ಇಬ್ಬರದೂ ಒಂದೇ ವಾದ: ಸೈಕಲ್ಲಿಗೆ ಕೀಲಿ ಹಾಕಿ ಉಪಯೋಗವೇನು? ಮಾಮ ಕೀಲಿಯಿಂದ ಹೊಟ್ಟೆ ಹೊರೆಯುವವನಾದರೂ ಅದನ್ನು ನಂಬುತ್ತಿರಲಿಲ್ಲ. "ಸೈಕಲ್ ಕೀಲಿ ಅಂದ್ರ ಬೊಗಳೋ ನಾಯಿ ಹನುಮಂತಣ್ಣ. ಕಡಿಯಂಗಿಲ್ಲ. ಗಾಡಿ ಕಾಯೋದು ಮಂದಿ ಕಣ್ಣು," ಎನ್ನುತ್ತಿದ್ದ. ಹಳ್ಳಿಯ ಒಬ್ಬ ಗಿರಾಕಿ ಎಮ್ಮೆ ಕಟ್ಟುವ ಸರಪಳಿಯನ್ನೇ ತಂದು ಗಾಲಿಗೆ ಸುತ್ತುತ್ತಿದ್ದ. ಸರಪಳಿ ಸೈಕಲ್ಲಿಗಿಂತ ಭಾರವಾಗಿತ್ತು. ಅದಕ್ಕೆ ಹಾಕಿದ ಕೀಲಿಯನ್ನು ಮಾಮ ಒಮ್ಮೆ, ಅಪ್ಪ ಹತ್ತು ಎಣಿಸುವುದರೊಳಗೆ ಬಿಚ್ಚಿ, ಮತ್ತೆ ಹಾಕಿ, ಏನೂ ಆಗಿಲ್ಲವೆಂಬಂತೆ ಬೀಡಿ ಹಚ್ಚಿದ್ದ. ಅಪ್ಪ ಬೈಯುತ್ತ ನಕ್ಕಿದ್ದ. ಅಪ್ಪ ಹಾಗೆ ನಗುತ್ತಿದ್ದುದು ಮಾಮನ ಮುಂದೆ ಮಾತ್ರ.

ಬಿಲ್ಲೆ ಕಳೆದುಕೊಂಡು ಬರುವವರು ವಾರಕ್ಕೆ ಇಬ್ಬರಾದರೂ ಇರುತ್ತಿದ್ದರು. ಅಂಥವರಿಗೆ ಅಪ್ಪನದೊಂದು ಕಾಯಿದೆ ಇತ್ತು. ಮೊದಲು ತಮ್ಮ ಚಾವಿ ಹಾಕಿ ಕೀಲಿ ತೆರೆದು ತೋರಿಸಬೇಕು. ತೆರೆದ ಮೇಲೆ ಅಪ್ಪ ಸೀಟಿನ ಮೇಲೆ ಕೈಯಿಟ್ಟು, ಗಾಡಿಯ ಒಡೆಯನಿಗಷ್ಟೇ ಗೊತ್ತಿರುವಂಥ ಏನಾದರೊಂದು ಕೇಳುತ್ತಿದ್ದ. ಟ್ಯೂಬಿಗೆ ಎಷ್ಟು ಪಂಕ್ಚರ್ ಹಾಕಿಸೀರಿ, ಸೀಟಿನ ಕವರಿನ ಕೆಳಗೆ ಏನದ, ಹೀಗೆ. ಉತ್ತರ ತಡವಾದರೆ ಸೈಕಲ್ ಕೊಡುತ್ತಿರಲಿಲ್ಲ. ಚಾವಿ ಹತ್ತಿದ ಮೇಲೂ ಯಾಕಪ್ಪಾ ಈ ಪರೀಕ್ಷೆ ಎಂದು ನಾನು ಕೇಳಿದ್ದುಂಟು. ಕೇಳೋದು ಕೇಳಬೇಕವ್ವಾ ಎಂದಷ್ಟೇ ಹೇಳಿದ್ದ. ಆಗ ನನಗೆ ಹನ್ನೊಂದು ವರ್ಷ. ನನಗಿಂತ ಬುದ್ಧಿವಂತರು ಊರಲ್ಲಿ ಯಾರೂ ಇಲ್ಲವೆಂದುಕೊಂಡಿದ್ದ ವಯಸ್ಸು ಅದು.

ಅವತ್ತು ಸಂತೆಯ ದಿನ. ಮಧ್ಯಾಹ್ನ ಅಪ್ಪ ನನ್ನನ್ನು ಬಿಲ್ಲೆಯ ಡಬ್ಬಿಯ ಮುಂದೆ ಕೂರಿಸಿ ಉಣ್ಣಲು ಒಳಗೆ ಹೋಗಿದ್ದ. ಬಿಳಿ ಅಂಗಿಯ ಒಬ್ಬ ಮನುಷ್ಯ ಬಂದ. ಬಿಲ್ಲೆ ಎಲ್ಲೋ ಬಿತ್ತು ಎಂದ. ನಾನು ಅಪ್ಪನ ಗತ್ತಿನಲ್ಲೇ "ಚಾವಿ ತೋರಸ್ರಿ" ಎಂದೆ. ಅವನ ಕೈಯಲ್ಲಿ ಹೊಳೆಯುವ ಹೊಸ ಚಾವಿ ಇತ್ತು. ಮೂರನೆಯ ಸಾಲಿನ ಒಂದು ಹಸಿರು ಸೈಕಲ್ಲಿಗೆ ಹಾಕಿದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಕೀಲಿ ತೆರೆಯಿತು. ಇನ್ನು ನಾನು ಕೇಳಬೇಕಾದ ಪ್ರಶ್ನೆ ನಾಲಿಗೆಯ ಮೇಲೇ ಇತ್ತು. ಅಷ್ಟರಲ್ಲಿ ಅವನು, "ಒಯ್ಯಲೇನ್ರೀ ಅವ್ವಾರ?" ಎಂದ. ಅಲ್ಲಿಯವರೆಗೆ ನನ್ನನ್ನು ಯಾರೂ ಬಹುವಚನದಲ್ಲಿ ಮಾತಾಡಿಸಿರಲಿಲ್ಲ. ನಾನು ಉಬ್ಬಿಹೋಗಿ ಹೂಂ ಎಂದು ತಲೆಯಾಡಿಸಿದೆ. ಅವನು ಮಾಮನ ಬೆನ್ನ ಹಿಂದೆಯೇ ಸೈಕಲ್ ತಳ್ಳಿಕೊಂಡು ಹೋದ. ಮಾಮ ತಲೆ ತಗ್ಗಿಸಿ ಅರ ಉಜ್ಜುತ್ತಿದ್ದ.

ಸಂಜೆ ರಾಯಚೂರಿನ ಬಸ್ಸಿನಿಂದ ಇಳಿದ ಗೌಂಡಿಯೊಬ್ಬ ಬಿಲ್ಲೆ ಕೊಟ್ಟು ತನ್ನ ಹಸಿರು ಸೈಕಲ್ ಕೇಳಿದ. ಅಪ್ಪ ಸಾಲು ಸಾಲು ಹುಡುಕಿದ. ಜಾಗ ಖಾಲಿ ಇತ್ತು. ಕೀಲಿ ಮುರಿದ ಗುರುತಾಗಿ ಒಂದು ಚೂರು ಕೂಡ ನೆಲದ ಮೇಲೆ ಬಿದ್ದಿರಲಿಲ್ಲ. ಬಸ್ಸಿಗೆ ನಿಂತವರೆಲ್ಲ ಬಂದು ಸುತ್ತುವರಿದರು. ಅಪ್ಪ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ, "ಖರೇ ಹೇಳವ್ವಾ. ಬಿಲ್ಲಿ ಇಲ್ದ ಯಾರರ ಬಂದಿದ್ರೇನು?" ಎಂದು ಕೇಳಿದ. ಅವನು ಬೈದಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ. ಅವನ ಮುಖದಲ್ಲಿ ನನ್ನ ಮೇಲೆ ಅಷ್ಟು ಭರವಸೆ ಇತ್ತು. ಅದನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. "ಯಾರೂ ಬಂದಿಲ್ಲಪ್ಪಾ," ಎಂದೆ. ಅಪ್ಪ ಎದ್ದು ನಿಂತ. ಯಾರೂ ಬಂದಿಲ್ಲ, ಕೀಲಿ ಮುರಿದಿಲ್ಲ, ಗಾಡಿ ಇಲ್ಲ. ಅಲ್ಲಿದ್ದವರೆಲ್ಲರ ಕಣ್ಣು ಬೇವಿನ ಮರದ ಕಡೆ ಹೋಗಿತ್ತು. ಕೊನೆಗೆ ಅಪ್ಪನದೂ ಹೋಯಿತು. "ತಾಯಪ್ಪ, ಈ ಕೀಲಿಗೆ ಹತ್ತೋ ಚಾವಿ ಯಾರಿಗರ ಮಾಡಿಕೊಟ್ಟೀಯೇನು?" ಎಂದು ಕೇಳಿದ. ಅಪ್ಪ ಕೇಳಿದ್ದು ಅಷ್ಟೇ. ಮಾಮ ಬಾಯಿ ತೆರೆದ, ಮುಚ್ಚಿದ. ಜನ ಆ ಮೌನಕ್ಕೆ ತಮಗೆ ಬೇಕಾದ ಅರ್ಥ ಹಚ್ಚಿಕೊಂಡರು.

ಅಪ್ಪ ತನ್ನ ಸ್ವಂತ ಸೈಕಲ್ಲನ್ನೇ ಗೌಂಡಿಗೆ ಕೊಟ್ಟು ಕಳಿಸಿದ. ಮಾಮ ಅವತ್ತು ಉಣ್ಣಲು ಬರಲಿಲ್ಲ. ಬೆಳಿಗ್ಗೆ ನಾನೆದ್ದು ನೋಡಿದರೆ ಮರದ ಬುಡದಲ್ಲಿ ಡಬ್ಬಿ ಇರಲಿಲ್ಲ, ಅರದ ಪುಡಿ ಮಾತ್ರ ಬಿದ್ದಿತ್ತು. ಊರಿಗೆ ಹೋದನಂತೆ ಎಂದು ಚಹಾದ ಅಂಗಡಿಯವರು ಹೇಳಿದರು. ಅಪ್ಪ ಬಹಳ ದಿನ ಮೂವರ ಲೆಕ್ಕದಲ್ಲೇ ರೊಟ್ಟಿ ಬಡಿದ. ಉಳಿದದ್ದನ್ನು ಬೆಳಿಗ್ಗೆ ನೀರು ಚಿಮುಕಿಸಿ ಬಿಸಿ ಮಾಡಿ ತಾನೇ ತಿನ್ನುತ್ತಿದ್ದ. ಇಬ್ಬರು ಕೂತು ಉಣ್ಣುವ ಮನೆ ಎಷ್ಟು ನಿಶ್ಶಬ್ದ ಇರುತ್ತದೆಂದು ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬೇಕು. ತಾಟಿಗೆ ಲೋಟ ತಾಗಿದರೂ ಬೆಚ್ಚಿಬೀಳುತ್ತಿದ್ದೆ. ದಿನಾ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಹೇಳದೆ ಉಳಿದ ಒಂದೊಂದು ದಿನವೂ ಮರುದಿನ ಹೇಳುವುದನ್ನು ಇನ್ನಷ್ಟು ಕಷ್ಟ ಮಾಡುತ್ತಿತ್ತು. ವಾರ ಕಳೆಯಿತು, ವರ್ಷ ಕಳೆಯಿತು. ನಾನು ಹಾಸ್ಟೆಲಿಗೆ ಹೋದೆ.

ಮೋಟಾರ್ ಸೈಕಲ್ಲುಗಳು ಬಂದವು, ಸ್ಟ್ಯಾಂಡು ತೆಳ್ಳಗಾಗುತ್ತ ಬಂದು ಒಂದು ದಿನ ನಿಂತೇಹೋಯಿತು. ಈಗ ಅಲ್ಲಿ ಮೊಬೈಲ್ ಅಂಗಡಿಗಳ ಸಾಲಿದೆ. ಬೇವಿನ ಮರವೂ ಇಲ್ಲ, ಒಂದೂವರೆ ಕೋಣೆಯ ಮನೆಯೂ ಇಲ್ಲ. ನನಗೆ ನೌಕರಿಯಾದ ಮೇಲೆ ಅಪ್ಪ ರಾಯಚೂರಿಗೆ ನನ್ನ ಜೊತೆ ಬಂದಿದ್ದ. ಇಲ್ಲಿ ಅವನಿಗೆ ಒಬ್ಬ ಗೆಳೆಯನೂ ಆಗಲಿಲ್ಲ. ಮಾಡಿಕೊಳ್ಳಲಿಲ್ಲ ಎಂದರೇ ಸರಿ. ಯಾರಾದರೂ ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತರೆ ಎರಡು ಮಾತಾಡಿ ಎದ್ದು ಬರುತ್ತಿದ್ದ. ಹಾಸಿಗೆ ಹಿಡಿದ ದಿನಗಳಲ್ಲಿ ಒಂದು ಮಧ್ಯಾಹ್ನ, ನಾನು ಗಂಜಿ ಕುಡಿಸುತ್ತಿರುವಾಗ, "ತಾಯಪ್ಪಗ ಮಂದ್ಯಾಗ ಹಂಗ ಕೇಳಬಾರದಿತ್ತವ್ವಾ. ಕದ್ದಿದ್ರೂ ಕೇಳಬಾರದಿತ್ತು," ಎಂದ. ಕದ್ದಿದ್ದರೂ. ಆ ಮಾತು ಕೇಳಿಯೂ ನಾನು ಬಾಯಿ ಬಿಡಲಿಲ್ಲ. ಸಾಯುವ ಮನುಷ್ಯನಿಗೆ ಈಗೇಕೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಹೆದರಿಕೆಗೆ ವಯಸ್ಸಾಗಿರಲಿಲ್ಲ, ಅಷ್ಟೇ.

ಅಪ್ಪ ತೀರಿಕೊಂಡು ಎರಡು ವರ್ಷವಾದ ಮೇಲೆ ಒಂದು ತರಬೇತಿಗೆಂದು ಮಾನ್ವಿಗೆ ಹೋಗಬೇಕಾಯಿತು. ಮಧ್ಯಾಹ್ನವೇ ಮುಗಿಯಿತು. ಹಿರೇಕೊಟ್ನೆಕಲ್, ಹಿರೇಕೊಟ್ನೆಕಲ್ ಎಂದು ಕೂಗುತ್ತಿದ್ದ ಟಂಟಂನಲ್ಲಿ ಹೋಗಿ ಕೂತುಬಿಟ್ಟೆ. ತಾಯಪ್ಪ ಮಾಮ ತಮ್ಮನ ಮನೆಯ ಮುಂದಿನ ಕಟ್ಟೆಯ ಮೇಲಿದ್ದ. ಕಣ್ಣಿಗೆ ಪೊರೆ ಬಂದಿತ್ತು. ಹನುಮಂತಪ್ಪನ ಮಗಳು ಎಂದೊಡನೆ ನನ್ನ ಕೈ ಹುಡುಕಿ ಹಿಡಿದುಕೊಂಡ. ಅಪ್ಪ ಹೋದ ಸುದ್ದಿ ಅವನಿಗೆ ತಲುಪಿತ್ತು. ಮಣ್ಣಿಗೆ ಬರಾಕ ಮುಖ ಇದ್ದಿಲ್ಲವ್ವಾ ಎಂದ. ನಾನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದನ್ನು ಹೇಳಿ ಮುಗಿಸಿದೆ. "ಅವತ್ತ ಒಬ್ಬಾಂವ ಬಂದಿದ್ದ ಮಾಮಾ. ಬಿಲ್ಲಿ ಇದ್ದಿಲ್ಲ. ಚಾವಿ ಹತ್ತಿತು, ಬಿಟ್ಟುಕೊಟ್ಟೆ. ಅಪ್ಪಗ ಸುಳ್ಳು ಹೇಳಿದೆ."

ಅವನು ಬೈಯಲಿಲ್ಲ. "ಚಾವಿ ಹೊಸಾದಿತ್ತೇನು?" ಎಂದು ಕೇಳಿದ. ಹೌದೆಂದೆ. "ಹಂಗಾದ್ರ ಅದು ನಂದ," ಎಂದ. ಆಮೇಲೆ ತಾನೇ ನಿಧಾನವಾಗಿ ಬಿಡಿಸಿ ಹೇಳಿದ. ನಮ್ಮ ಕಡೆಯ ಧೂಳಿಗೆ ಸೈಕಲ್ ಕೀಲಿಗಳು ಬಿಗಿಯುತ್ತಿದ್ದವು. ಚಾವಿ ಸಿಕ್ಕಿಕೊಂಡರೆ ಹಳ್ಳಿಯವರು ಬಂದು ಜಗಳ ಮಾಡುತ್ತಿದ್ದರು. ಅದಕ್ಕೆಂದೇ ಅವನು ಚಾವಿಯ ಹಲ್ಲುಗಳನ್ನು ಇರಬೇಕಾದ್ದಕ್ಕಿಂತ ಒಂದು ಚೂರು ಹೆಚ್ಚೇ ಉಜ್ಜಿ ಸಡಿಲ ಮಾಡಿಕೊಡುತ್ತಿದ್ದ. ಗಿರಾಕಿ ಖುಷಿ. ಆದರೆ ಹಾಗೆ ಉಜ್ಜಿದ ಚಾವಿ ಪಕ್ಕದವನ ಕೀಲಿಯನ್ನೂ ತೆರೆಯುತ್ತದೆಂದು ಅವನಿಗೆ ಗೊತ್ತಿತ್ತು. ಯಾರು ಹಚ್ಚಿ ನೋಡುತ್ತಾರೆ, ಹನುಮಂತಣ್ಣ ಕಾಯುತ್ತಾನಲ್ಲ ಎಂದು ಸುಮ್ಮನಿದ್ದ. ಅವತ್ತು ಅಪ್ಪ ಕೇಳಿದಾಗ ಹೇಳಲಾಗದೆ ಹೋದದ್ದು ಅದೇ. ಅರ್ಧ ಊರಿನ ಚಾವಿ ಹಂಗೇ ಮಾಡೀನಿ ಅಂತ ಹೆಂಗ ಹೇಳ್ಲಿ ಎಂದ. ಇಷ್ಟು ವರ್ಷ ಅವನು ಅವಮಾನದಿಂದ ಹೋದನೆಂದು ಅಪ್ಪ, ನನ್ನ ಸುಳ್ಳಿನಿಂದ ಹೋದನೆಂದು ನಾನು ನಂಬಿದ್ದೆವು. ಅವನು ಹೋದದ್ದು ತಾನೇ ತಪ್ಪಿತಸ್ಥನೆಂದು. ಅಪ್ಪ ಹಾಸಿಗೆಯಲ್ಲಿ ಹೇಳಿದ ಮಾತನ್ನು ನಾನು ತಿಳಿಸಿದೆ. ಮಾಮ ನನ್ನ ದನಿಯ ಕಡೆ ಮುಖ ತಿರುಗಿಸಿ ಕೇಳಿದ.

"ಒಬ್ಬಾಂವ ಬಂದಿದ್ದ ಅನ್ನೋದು ಆಮ್ಯಾಲರ ನಿಮ್ಮಪ್ಪಗ ಹೇಳಿದ್ಯೇನು?"

"ಇಲ್ಲ ಮಾಮಾ."

"ಹೇಳಬೇಕಿತ್ತವ್ವಾ. ನನಗಂತ ಅಲ್ಲ, ಅಂವಗ. ನಾ ಹೋದಮ್ಯಾಲ ಅಂವಗ ಯಾರಿದ್ರು?"

ಅವನ ತಮ್ಮನ ಸೊಸೆ ಒತ್ತಾಯ ಮಾಡಿ ರೊಟ್ಟಿ ಬಡಿಸಿದಳು. ಮಾಮ, "ನೀ ಸಣ್ಣಾಕಿ ಇದ್ದಿ ಬಿಡು," ಎಂದು ನನ್ನ ತಲೆ ಸವರಿದ. ಅವನು ಕ್ಷಮಿಸಿದ್ದ, ಅದು ನನಗೆ ತಿಳಿಯಿತು. ಆದರೆ ಕ್ಷಮಿಸಬೇಕಾಗಿದ್ದವನು ಅವನಲ್ಲ ಎನ್ನುವುದೂ ಆ ಕಟ್ಟೆಯ ಮೇಲೆಯೇ ತಿಳಿಯಿತು. ರಾಯಚೂರಿಗೆ ಮರಳುವಾಗ ಇನ್ನೂ ಬೆಳಕಿತ್ತು. ಮನೆಯ ಬಾಗಿಲು ತೆಗೆದು, ಚಪ್ಪಲಿ ಕೂಡ ಬಿಡದೆ ನಡುಮನೆಯಲ್ಲಿ ನಿಂತು, ಅಪ್ಪ ಕೇಳಿದ ಪ್ರಶ್ನೆಗೆ ಆ ದಿನ ಕೊಡಬೇಕಾಗಿದ್ದ ಉತ್ತರವನ್ನು ಗಟ್ಟಿಯಾಗಿ ಹೇಳಿ ನೋಡಿದೆ. "ಒಬ್ಬಾಂವ ಬಂದಿದ್ದಪ್ಪಾ." ಎರಡೇ ಶಬ್ದ. ಹೇಳಲು ಒಂದು ಉಸಿರೂ ಬೇಕಾಗಲಿಲ್ಲ.