ತಾರಸಿಯ ಮೇಲಿನ ಒದ್ದೆ ಸೀರೆ

ಚಿಕ್ಕಲಸಂದ್ರದ ನಮ್ಮ ಮನೆಯ ಮೇಲಿನ ರೂಮಿಗೆ ಧಾರವಾಡದ ಕಡೆಯ ಹುಡುಗಿಯೊಬ್ಬಳು ಬಾಡಿಗೆಗೆ ಬಂದಳು. ಆಂಟೆನಾ ಮಾಡುವ ಓದಂತೆ. ಆಂಟೆನಾ ಅಂದರೆ ನನಗೆ ಗೊತ್ತಿದ್ದದ್ದು ಹಿಂದೆ ಟಿ.ವಿ.ಗೆ ಕಟ್ಟುತ್ತಿದ್ದ, ಕಾಗೆ ಕೂರುವ ಕಂಬಿ. ಇವಳದು ಉಗುರಿನಷ್ಟು ತಾಮ್ರದ ತಗಡು. ಅಷ್ಟನ್ನು ಹಿಡಿದುಕೊಂಡು ದಿನವಿಡೀ ಏನು ಮಾಡುತ್ತಾಳೆ ಎಂದು ಅನುಮಾನ ಬಂತು.

ತಾರಸಿಯ ಈ ತುದಿಗೆ ಆ ತಗಡು ಕೂರಿಸಿದ ಒಂದು ಮುಕ್ಕಾಲಿ, ಆ ತುದಿಗೆ ನನ್ನ ತುಳಸಿ ಕುಂಡದ ಪಕ್ಕ ಇನ್ನೊಂದು. ಇಲ್ಲಿಂದ ಅಲೆ ಬಿಟ್ಟು ಅಲ್ಲಿ ಹಿಡಿಯುವುದಂತೆ. ಕೊಟ್ಟ ಕರೆಂಟು ಬಿಸಿಯಾಗಿ ಪೋಲಾಗಬಾರದು, ಒಂದೇ ಬಗೆಯ ಅಲೆಯಲ್ಲ, ಬಗೆಬಗೆಯ ಅಲೆಗಳ ಸಾಲಿಗೆ ಸಾಲೇ ಹೋಗಬೇಕು, ಮುಂದಿನ ಫೋನುಗಳಿಗೆ ಬೇಕು ಎಂದಳು. ಕಣ್ಣಿಗೆ ಕಾಣದ್ದನ್ನು ನನ್ನ ತುಳಸಿಯ ಮೇಲೆ ಬಿಡುವವರನ್ನು ನಾನು ನಂಬುವುದಿಲ್ಲ.

ಬೇಡ ಎನ್ನಲಿಲ್ಲ, ತುಳಸಿಗೊಂದು ಮರೆಯಿರಲಿ ಎಂದುಕೊಂಡೆ. ಬೆಳಿಗ್ಗೆ ಸ್ನಾನವಾದ ಮೇಲೆ ಮಡಿ ಸೀರೆಯನ್ನು ಗಟ್ಟಿಯಾಗಿ ಹಿಂಡಿ, ಕೋಲಿನಿಂದ ಎರಡು ಮುಕ್ಕಾಲಿಗಳ ನಡುವೆ ಬರುವ ಬಟ್ಟೆ ಒಣಹಾಕುವ ತಂತಿಗೆ ಹಾಕತೊಡಗಿದೆ. ಅದನ್ನು ಯಾರೂ ಮುಟ್ಟಬಾರದೆಂದು ಮೊದಲೇ ಹೇಳಿದ್ದೆ. ಅವಳು ಹತ್ತಿರವೂ ಸುಳಿಯುತ್ತಿರಲಿಲ್ಲ.

ಬರಬರುತ್ತಾ ಅವಳ ಮುಖ ಸಣ್ಣಗಾಯಿತು. ತಾಮ್ರದ ಆಕಾರ ಬದಲಿಸಿ ಬದಲಿಸಿ ತಂದಳು. ಅದೂ ಸರಿಹೋಗಲಿಲ್ಲ. ಕಡೆಗೊಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು, ಓದು ಬಿಟ್ಟು ಊರಿಗೆ ಹೋಗುತ್ತೇನೆ ಎಂದಳು. ಪೀಡೆ ತೊಲಗಿತು ಎನ್ನಬೇಕಿತ್ತು. ಇದರಲ್ಲೂ ಏನೋ ಆಟವಿದೆ ಅನ್ನಿಸಿ, ಏನಾಗಿದೆ ಅದಕ್ಕೆ ಎಂದು ಕೇಳಿದೆ.

"ಮುಂಜಾನೆ ಏನೂ ಹಾಯಂಗಿಲ್ರೀ ಅಜ್ಜಿ. ಮಧ್ಯಾಹ್ನ ಆದ್ರ ಚಲೋ ಬರ್ತದ. ನನ್ನ ಡಿಸೈನನ್ನ ನಾನ ನಂಬೂ ಹಂಗಿಲ್ಲ."

ಮಧ್ಯಾಹ್ನ ಅಂದರೆ ನನ್ನ ಸೀರೆ ಒಣಗಿರುವ ಹೊತ್ತು. "ಸೀರೆ ಅಡ್ಡ ಇದ್ಯಲ್ಲೇ, ಕಾಣಲ್ವಾ ನಿಂಗೆ?"

"ಅರಿವಿ ಏನೂ ತಡಿಯೂದಿಲ್ರೀ." ಹಾಗೆಂದವಳು ತಂತಿಯ ಕಡೆ ನೋಡಿದಳು. "ಅದು ಹಸೀ ಇರ್ತದೇನ್ರೀ?"

"ಒಗೆದು ಹಾಕಿದ್ದು ಒದ್ದೆ ಇರ್ದೆ ಇನ್ನೇನು."

ನಾನೇ ಕೋಲು ಹಿಡಿದು ಸೀರೆ ಇಳಿಸಿದೆ. ಅಲೆ ಎಷ್ಟು ಬಂತೆಂದು ತೋರಿಸುವ, ಅವಳ ಲ್ಯಾಪ್‌ಟಾಪಿನಲ್ಲಿ ಮಲಗಿದ್ದ ಗೆರೆ ಈ ತುದಿಯಿಂದ ಆ ತುದಿವರೆಗೂ ಎದ್ದಿತು. ನಂಬದೆ ಮತ್ತೆ ಹಾಕಿದೆ. ಬಿತ್ತು. ತೆಗೆದೆ. ಎದ್ದಿತು. ನೀರು ಆ ಅಲೆಯನ್ನು ಕುಡಿದುಬಿಡುತ್ತದಂತೆ. ಹುಡುಗಿ ಮೂಗು ಒರೆಸಿಕೊಂಡು ಕೆಲಸಕ್ಕೆ ಕೂತಳು.

ರೂಮು ಖಾಲಿಯಾಗಲಿಲ್ಲ. ಸೀರೆ ಈಗ ಹಿತ್ತಲಲ್ಲಿ ಒಣಗುತ್ತದೆ. ಒದ್ದೆ ಬಟ್ಟೆ ದಾಟಲಾರದ್ದು ನನ್ನನ್ನೇನು ಮಾಡೀತು ಎಂಬ ಧೈರ್ಯ ಬಂದಿದೆ. ಪೂರ್ತಿ ಅಲ್ಲ. ತುಳಸಿ ಕುಂಡವನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಸರಿಸಿದ್ದೇನೆ. ಟ್ಯಾಂಕು ಖಾಲಿಯಾಗದಂತೆ ನೋಡಿಕೊಳ್ಳುತ್ತೇನೆ.