ಕರಡಿಯ ಬಾಯಲ್ಲಿದ್ದ ದನಿ

“ಅವ್ವಾ, ಇದು ಟಿ.ವಿ. ಕರಡಿ ದನಿ. ಮುತ್ಯಾನ ದನೀಲೆ ಓದಬೇ,” ಎಂದಳು ಐದು ವರ್ಷದ ಮಗಳು. ಹಳೆಯ ಚಿತ್ರಕಥೆ ಪುಸ್ತಕದ ಮೇಲಿದ್ದ ನನ್ನ ಬೆರಳು ಅಲ್ಲೇ ನಿಂತಿತು.

ಆಳಂದದ ನಮ್ಮ ಮನೆಗೆ ಆಗಷ್ಟೇ ಕೇಬಲ್ ಬಂದಿತ್ತು. ಹಿಂದಿನ ದಿನ ಅದೇ ಕಥೆಯನ್ನು ಕಂಪ್ಯೂಟರಿನಲ್ಲಿ ಮಾಡಿದ ಸಿನಿಮಾ ಹಾಕಿದ್ದರು. ಮಗಳ ಜೊತೆ ಆಸೆಯಿಂದ ಕಾದು ಕೂತಿದ್ದೆ. ನನ್ನ ಬಾಲ್ಯದ ಕರಡಿ ಪ್ಲಾಸ್ಟಿಕ್ ಬೊಂಬೆಯಂತೆ ಹೊಳೆಯುತ್ತ, ರೆಪ್ಪೆಯನ್ನೂ ಬಡಿಯದೆ, ಶಹರದ ಹುಡುಗನ ಹಾಗೆ ಪಟಪಟ ಮಾತಾಡಿತು. ಇದೇನು ದರಿದ್ರ ಎಂದು ಬೈದು ಅರ್ಧಕ್ಕೇ ಟಿ.ವಿ. ಆರಿಸಿದ್ದೆ.

ನಾನು ಚಿಕ್ಕವಳಿದ್ದಾಗ ತವರೂರು ನಿಂಬರ್ಗಾದಲ್ಲಿ ಅಪ್ಪ ನನಗೆ ಓದುವಾಗ ಕರಡಿ ಬಾಯ್ತುಂಬ ಎಲೆ ಅಡಿಕೆ ಇಟ್ಟುಕೊಂಡು ಮಾತಾಡುತ್ತಿತ್ತು. ತನ್ನ ಮುತ್ಯಾನನ್ನು, ಅಂದರೆ ನನ್ನ ಅಪ್ಪನನ್ನು, ನೋಡದೇ ಇದ್ದ ಮಗಳಿಗೆ ನಾನೂ ಹಾಗೇ ಓದುತ್ತಿದ್ದೆ.

“ತಡಿ, ಮತ್ತ ಓದ್ತೇನಿ.”

ಗಲ್ಲ ಉಬ್ಬಿಸಿ ಓದಿದೆ. ಸಿನಿಮಾದ ದನಿಯೇ ಬಂತು. ಇನ್ನೊಮ್ಮೆ ಓದಿದೆ. ಅದೇ. ಮಗಳು ಹೆದರಿ ನನ್ನ ಬಾಯಿಯನ್ನೇ ನೋಡತೊಡಗಿದಳು.

ಅಪ್ಪನ ಮುಖ ಗೋಡೆಯ ಫೋಟೊದಲ್ಲಿದೆ. ದನಿ ಉಳಿದಿದ್ದದ್ದು ಆ ಕರಡಿಯ ಬಾಯಲ್ಲಿ ಮಾತ್ರ. ಇವತ್ತಿಗೂ ಆ ಪುಸ್ತಕ ತೆರೆದರೆ, ಕರಡಿ ಮಾತಾಡುವ ಪುಟ ಬರುವ ಮುಂಚೆಯೇ ಮುಚ್ಚಿಬಿಡುತ್ತೇನೆ.