ಮಂತ್ರಿಗಳ ನಗುವೂ ಮಾವನ ರಬ್ಬರ್ ಶೀಟುಗಳೂ

ಬಿ.ಸಿ.ರೋಡಿನ ನಮ್ಮ ಮನೆಗೆ ಇವತ್ತು ಬೆಳಗ್ಗೆ ಹೊಸ ಹಾಸಿಗೆ ಬಂತು. ಪ್ಲಾಸ್ಟಿಕ್ ಹರಿದದ್ದೇ ತಡ, ರಬ್ಬರಿನ ವಾಸನೆ ಮೂಗಿಗೆ ಬಡಿದು ನಾನು ನೆನಪಿನಲ್ಲೇ ಸೀದಾ ವೇಣೂರಿನ ಮಾವನ ಮನೆಗೆ ಹೋಗಿ ಬಿದ್ದೆ.

ಮಾವನ ಮನೆ ಎಂದರೆ ಕೆಲವರಿಗೆ ಮಲ್ಲಿಗೆಯ ಪರಿಮಳ ನೆನಪಾಗುತ್ತದಂತೆ. ನಿಮಗೂ ಹಾಗೆಯೇ ಇದ್ದರೆ ನೀವು ಪುಣ್ಯವಂತರು. ಮದುವೆಯಾದ ಹೊಸದರಲ್ಲಿ ಸಮ್ಮಾನದ ಊಟಕ್ಕೆಂದು ಹೋದಾಗ ನಮಗೆ ಬಿಟ್ಟುಕೊಟ್ಟ ಕೋಣೆಯಲ್ಲಿ ಮಾವ ಬೆಳೆದ ರಬ್ಬರಿನ ಶೀಟುಗಳು ಮಾಡಿನವರೆಗೆ ಅಟ್ಟಿಯಾಗಿ ಕೂತಿದ್ದವು. ಉಳಿದ ಸಂದಿಯಲ್ಲಿ ಹೊಸ ದಂಪತಿ.

ದರ ಬಿದ್ದಿತ್ತು, ಮಾವ ಮಾರುತ್ತಿರಲಿಲ್ಲ. ಬೀಳಿಸಿದವರು ಯಾರೆಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ: ದೂರದ ಯಾವುದೋ ಊರಿನಲ್ಲಿ ಕೈಕುಲುಕಿದ ಮಂತ್ರಿಗಳು. ಪೇಪರಿನಲ್ಲಿ ವ್ಯಾಪಾರ ಒಪ್ಪಂದದ ಫೋಟೋ ಬಂದರೆ ಅವರು ಸುದ್ದಿ ಓದುತ್ತಿರಲಿಲ್ಲ, ಕನ್ನಡಕ ಏರಿಸಿ ಮಂತ್ರಿಗಳ ಹಲ್ಲು ನೋಡುತ್ತಿದ್ದರು.

"ನೋಡಿ, ನಮ್ಮವ ಜಾಸ್ತಿ ನಗಾಡ್ತಾ ಇದ್ದಾನೆ. ಅವರ ರಬ್ಬರಿಗೆ ಸುಂಕ ಕಮ್ಮಿ ಮಾಡಿ ಬಂದಿದ್ದಾನೆ."

"ಬದಲಿಗೆ ನಮ್ಮದೂ ಏನಾದರೂ ಅಲ್ಲಿಗೆ ಹೋಗ್ತದಲ್ಲ, ಮಾವ?"

"ಹೋಗ್ತದೆ ಮಾರಾಯ್ರೆ. ಯಾರದ್ದೋ ಮಾತ್ರೆ, ಯಾರದ್ದೋ ಮೆಷಿನು. ಹಡಗು ಖಾಲಿ ಬರ್ಲಿಕ್ಕುಂಟಾ? ಬರುವಾಗ ನನ್ನ ತಲೆ ಮೇಲೆ ರಬ್ಬರ್ ಇಳಿಸ್ತದೆ."

ಈ ಹಲ್ಲಿನ ಶಾಸ್ತ್ರ ಎಲ್ಲ ಸಲವೂ ಫಲಿಸುತ್ತಿತ್ತು ಎಂದೇನಲ್ಲ. ಒಮ್ಮೆ ಇಬ್ಬರೂ ಮುಖ ಗಂಟಿಕ್ಕಿಕೊಂಡ ಫೋಟೋ ನೋಡಿ, ನಮ್ಮವ ಬಗ್ಗಲಿಲ್ಲ ಎಂದು ಮಾವ ಸಂಭ್ರಮದಿಂದ ಪಾಯಸ ಮಾಡಿಸಿದರು. ಊಟ ಮುಗಿದ ಮೇಲೆ ಓದಿದರೆ ಅದು ಯಾವುದೋ ಶ್ರದ್ಧಾಂಜಲಿ ಸಭೆ.

ಹಾಗೆ ನೋಡಿದರೆ ನಾನೂ ಆ ಮನೆಗೆ ಒಪ್ಪಂದದ ಮೇಲೆಯೇ ಆಮದಾದವ. ಮಾತುಕತೆಯ ದಿನ ಎರಡೂ ಕಡೆಯ ಹಿರಿಯರು ಬಾಯ್ತುಂಬ ನಕ್ಕಿದ್ದರು. ನಷ್ಟ ಯಾರಿಗಾಯಿತೆಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ.

ಸಮ್ಮಾನದ ಮರುದಿನ ಬೆಳಗ್ಗೆ, ಶೀಟಿನ ವಾಸನೆಗೆ ನಿದ್ದೆಗೆಟ್ಟು ಕೆಂಪು ಕಣ್ಣು ಹೊತ್ತು ಎದ್ದು ಬಂದ ನನ್ನನ್ನು ಕಂಡು ಅತ್ತೆಗೆ ತಡೆಯಲಾಗಲಿಲ್ಲ.

"ನಿಮಗೆ ರಬ್ಬರ್ ಬೇಕಾ, ಅಳಿಯ ಬೇಕಾ? ಇವರು ಇನ್ನು ಈ ಮನೆಗೆ ಬರ್ಲಿಕ್ಕಿಲ್ಲ!"

ಮಾವ ಪಿಕಪ್ ಕರೆಸಿ, ದರ ಕೂಡ ಕೇಳದೆ, ಅಷ್ಟನ್ನೂ ಬೆಳ್ತಂಗಡಿಗೆ ಸಾಗಿಸಿದರು. ಯಾವ ದೇಶದ ಮಂತ್ರಿಗೂ ಜಗ್ಗದ ಮನುಷ್ಯ ನನ್ನ ನಿದ್ದೆಗಾಗಿ ಸೋತರು. ಸಂಜೆ ಅದೇ ಪಿಕಪ್ಪಿನಲ್ಲಿ ನಮಗೊಂದು ರಬ್ಬರ್ ಹಾಸಿಗೆ ಬಂತು. ಮಾವ ಅದನ್ನು ಒತ್ತಿ, ಮೂಸಿ, "ಹೊರಗಿನ ಮಾಲು. ಅಡ್ಡಿಲ್ಲ, ನೀವು ಮಲಗಿ" ಎಂದರು. ಅವರ ಕಾಲಿಗೆ ಬೀಳುವಷ್ಟು ಪ್ರೀತಿ ಉಕ್ಕಿತು. ನಿದ್ದೆಯೂ ಉಕ್ಕಿದ್ದರಿಂದ ಹಾಸಿಗೆಗೇ ಬಿದ್ದೆ.

ಮಾವ ಈಗ ಇಲ್ಲ. ಇವತ್ತು ಹೊಸ ಹಾಸಿಗೆಯನ್ನು ನಾನೂ ಒತ್ತಿದೆ, ಮೂಸಿದೆ. ಯಾವ ದೇಶದ್ದೆಂದು ನನ್ನ ಮೂಗಿಗೆ ತಿಳಿಯಲಿಲ್ಲ. ಅದರ ಮೇಲೆ ಕೂತು ಪೇಪರ್ ಬಿಡಿಸಿದರೆ ಮೊದಲ ಪುಟದಲ್ಲೇ ಹೊಸದೊಂದು ಒಪ್ಪಂದ. ಸುದ್ದಿ ಬಿಟ್ಟು ಹಲ್ಲು ನೋಡಿದೆ.

"ನಮ್ಮವ ಜಾಸ್ತಿ ನಗಾಡ್ತಾ ಇದ್ದಾನೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದು ಪಕ್ಕದಲ್ಲಿ ಕೂತಳು.

"ಅಪ್ಪನ ಹಾಗೇ ಹೇಳಿದ್ರಿ," ಎಂದಳು. "ಇನ್ನೊಮ್ಮೆ ಹೇಳಿ."